ಅರ್ಧ ಎಣ್ಣೆಯಲ್ಲಿ ಓಡುವ ಎಂಜಿನ್: ಹಣ ಕೊಡುವ ಮೊದಲು ಒಂದು ಲೆಕ್ಕ

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳ ಸದಸ್ಯರಿಂದ ಈಚೆಗೆ ನಮಗೆ ಒಂದೇ ತರಹದ ವಿಚಾರಣೆಗಳು ಬರುತ್ತಿವೆ. ಡೀಸೆಲ್ ಎಂಜಿನ್ನಿಗೆ ಒಂದು ಚಿಕ್ಕ ಡಬ್ಬಿ ಜೋಡಿಸಿದರೆ ಎಣ್ಣೆ ಅರ್ಧಕ್ಕೆ ಇಳಿಯುತ್ತದಂತೆ, ಹೌದೇ? ಹೊಸ ಮಾದರಿಯ ಪ್ಲಗ್ಗು ಹಾಕಿದರೆ ಗಾಡಿ ಎರಡು ಪಟ್ಟು ದೂರ ಓಡುತ್ತದಂತೆ, ಹೌದೇ? ಎಣ್ಣೆಯ ಪೈಪಿಗೆ ಅಯಸ್ಕಾಂತ ಕಟ್ಟಿದರೆ, ಟಾಕಿಗೆ ಗುಳಿಗೆ ಹಾಕಿದರೆ, ನೀರಿನಿಂದ ಗ್ಯಾಸ್ ತೆಗೆದು ಎಂಜಿನ್ನಿಗೆ ಬಿಟ್ಟರೆ ಲಾಭವುಂಟೇ? ಇಂಥ ಸಾಮಾನನ್ನು ಸಂಘವೇ ಸಗಟು ದರದಲ್ಲಿ ತರಿಸಿ ಸಾಲದ ಮೇಲೆ ಹಂಚಬಾರದೇಕೆ ಎಂದು ಕೇಳಿದವರೂ ಇದ್ದಾರೆ.

ಕೇಳುವುದು ಸಹಜ. ಕಾಫಿ ಬೆಳೆಗಾರರಿಗೆ ಫೆಬ್ರುವರಿ-ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟರೆ ತುಂತುರು ನೀರಾವರಿಯೇ ಗತಿ. ಆ ಎರಡು ಮೂರು ವಾರಗಳಲ್ಲಿ ಎಂಜಿನ್ ಹಗಲಿರುಳು ಓಡಬೇಕು. ಬಾವಿಯನ್ನೋ ಹೊಳೆಯನ್ನೋ ನಂಬಿ ಅಡಿಕೆ ಇಟ್ಟವರಿಗೆ ಏಪ್ರಿಲ್-ಮೇ ತಿಂಗಳಲ್ಲಿ ಕರೆಂಟು ಹೋದಾಗ ಡೀಸೆಲ್ ಸುಡದೆ ದಾರಿಯಿಲ್ಲ. ಬೋರ್ಡೋ ಸಿಂಪಡಿಸುವ ಯಂತ್ರ, ಹುಲ್ಲು ಕೊಯ್ಯುವ ಯಂತ್ರ, ಪವರ್ ಟಿಲ್ಲರ್ ಎಲ್ಲವೂ ಎಣ್ಣೆ ಕೇಳುತ್ತವೆ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳೋಣ: ಗಂಟೆಗೆ 1 ಲೀಟರ್ ಕುಡಿಯುವ ಎಂಜಿನ್ ವರ್ಷಕ್ಕೆ 300 ತಾಸು ಓಡಿ, ಲೀಟರಿಗೆ 90 ರೂಪಾಯಿ ಬಿದ್ದರೆ ಖರ್ಚು 27,000 ರೂಪಾಯಿ. ಇದರಲ್ಲಿ ಅರ್ಧ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ, 4,000 ರೂಪಾಯಿಯ ಡಬ್ಬಿ ಯಾರಿಗೆ ತಾನೆ ದುಬಾರಿ ಎನಿಸೀತು? ಮಾರುವವರಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು.

ಆದಕಾರಣ ಇಂಥ ಮಾತುಗಳನ್ನು ಹೇಗೆ ತೂಗಿ ನೋಡಬೇಕೆಂಬುದನ್ನು ಇಲ್ಲಿ ವಿವರಿಸುತ್ತಿದ್ದೇವೆ. ಇದಕ್ಕೆ ದೊಡ್ಡ ಶಾಸ್ತ್ರಜ್ಞಾನ ಬೇಕಿಲ್ಲ. ಕರೆಂಟಿನ ಮೀಟರು ಓದಲು ಬಂದರೆ ಸಾಕು.

ಒಂದು ಲೀಟರಿನಲ್ಲಿ ಇರುವುದೆಷ್ಟು?

ಒಂದು ಲೀಟರ್ ಡೀಸೆಲ್ ಪೂರ್ತಿ ಉರಿದರೆ ಹೊರಡುವ ಶಾಖವನ್ನು ಕರೆಂಟಿನ ಯೂನಿಟ್ಟಿಗೆ ಹೋಲಿಸಿದರೆ ಸುಮಾರು 10 ಯೂನಿಟ್ ಆಗುತ್ತದೆ. ಪೆಟ್ರೋಲಿನಲ್ಲಿ ಇದಕ್ಕಿಂತ ತುಸು ಕಡಿಮೆ. ಈ ಅಂಕಿಯನ್ನು ಯಾವ ಡಬ್ಬಿಯೂ ಹೆಚ್ಚಿಸಲಾರದು. ಚೀಲದಲ್ಲಿ 50 ಕಿಲೋ ಅಡಿಕೆ ಇದ್ದರೆ, ತಕ್ಕಡಿ ಬದಲಿಸಿದ ಮಾತ್ರಕ್ಕೆ ಅದು 100 ಕಿಲೋ ಆಗದು.

ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. 5 ಅಶ್ವಶಕ್ತಿಯ ಎಂಜಿನ್ ಪೂರ್ಣ ಹೊರೆಯಲ್ಲಿ ಒಂದು ತಾಸು ಓಡಿದರೆ ಅದು ಮಾಡುವ ಕೆಲಸ ಸುಮಾರು 3.7 ಯೂನಿಟ್. ಸುಸ್ಥಿತಿಯಲ್ಲಿರುವ ಡೀಸೆಲ್ ಎಂಜಿನ್ ಇದಕ್ಕೆ ಲೀಟರಿಗಿಂತ ಸ್ವಲ್ಪ ಹೆಚ್ಚು ಎಣ್ಣೆ ತೆಗೆದುಕೊಳ್ಳುತ್ತದೆ. ಅಂದರೆ ಹೋದ 11 ಯೂನಿಟ್ ಶಾಖದಲ್ಲಿ ಮೂರನೆಯ ಒಂದು ಪಾಲು ಮಾತ್ರ ಪಂಪಿಗೆ ಸಿಗುತ್ತದೆ. ಉಳಿದದ್ದು ಸೈಲೆನ್ಸರಿನ ಬಿಸಿ ಹೊಗೆಯಲ್ಲಿ, ಎಂಜಿನ್ ತಣಿಸುವ ನೀರಿನಲ್ಲಿ ಮತ್ತು ತಿಕ್ಕಾಟದಲ್ಲಿ ಹೋಗುತ್ತದೆ.

ಈ ಎರಡು ಪಾಲನ್ನು ಹಿಡಿದಿಡಬಾರದೇ ಎಂದು ಕೇಳಬಹುದು. ಶಾಖವನ್ನು ಪೂರ್ತಿಯಾಗಿ ಕೆಲಸವನ್ನಾಗಿ ಮಾಡಲು ಯಾವ ಎಂಜಿನ್ನಿಗೂ ಸಾಧ್ಯವಿಲ್ಲ. ಶಾಖ ಎಷ್ಟು ಬಿಸಿಯಲ್ಲಿ ಒಳಹೊಕ್ಕು ಎಷ್ಟು ಬಿಸಿಯಲ್ಲಿ ಹೊರಬೀಳುತ್ತದೆ ಎಂಬುದರ ಮೇಲೆ ಅದಕ್ಕೊಂದು ಮೇರೆ ಇದೆ. ಕಿತ್ತೂರು ಚೆನ್ನಮ್ಮನ ಪಡೆ ಥ್ಯಾಕರೆಯನ್ನು ಎದುರಿಸಿದ 1824ನೇ ಇಸವಿಯಲ್ಲಿಯೇ ಫ್ರಾನ್ಸಿನ ಸಾದಿ ಕಾರ್ನೋ ಎಂಬ ಎಂಜಿನಿಯರು ಈ ಮೇರೆಯನ್ನು ವಿವರಿಸಿ ಪುಸ್ತಕ ಪ್ರಕಟಿಸಿದನು. ಅಂದಿನಿಂದ ಇಂದಿನವರೆಗೆ ಅದನ್ನು ದಾಟಿದ ಯಂತ್ರ ಹುಟ್ಟಿಲ್ಲ. ಸಮುದ್ರದ ಹಡಗುಗಳಲ್ಲಿ ಮನೆಯಷ್ಟು ದೊಡ್ಡ ಡೀಸೆಲ್ ಎಂಜಿನ್ನುಗಳಿವೆ. ಜಗತ್ತಿನಲ್ಲಿ ಅತಿ ಮಿತವ್ಯಯದ ಎಂಜಿನ್ನುಗಳೆಂದರೆ ಅವೇ. ಅವು ಎಣ್ಣೆಯ ಶಾಖದಲ್ಲಿ ನೂರಕ್ಕೆ 50ಕ್ಕಿಂತ ತುಸು ಹೆಚ್ಚನ್ನು ಕೆಲಸಕ್ಕೆ ತರುತ್ತವೆ.

ಈಗ ಡಬ್ಬಿಯವರ ಮಾತಿಗೆ ಬರೋಣ. ನೂರಕ್ಕೆ 33 ಕೊಡುತ್ತಿರುವ ನಿಮ್ಮ ಎಂಜಿನ್ ಅರ್ಧ ಎಣ್ಣೆಯಲ್ಲಿ ಅಷ್ಟೇ ನೀರೆತ್ತಬೇಕಾದರೆ ನೂರಕ್ಕೆ 66 ಕೊಡಬೇಕು. ಹಡಗಿನ ಎಂಜಿನ್ನಿಗೆ ಆಗದ ಕೆಲಸವನ್ನು ಬಾವಿಯ ದಂಡೆಯ ಹಳೆಯ ಎಂಜಿನ್ನು ಅಂಗೈಯಗಲದ ಡಬ್ಬಿಯಿಂದ ಮಾಡುತ್ತದೆಂದು ನಂಬಬೇಕಾಗುತ್ತದೆ.

“ಎಣ್ಣೆ ಅರ್ಧ ಉರಿಯದೆ ಹೊಗೆಯಾಗಿ ಹೋಗುತ್ತದೆ, ಅದನ್ನು ಉರಿಸುವುದೇ ನಮ್ಮ ಗುಟ್ಟು” ಎಂದು ಮಾರುವವರು ಹೇಳುತ್ತಾರೆ. ಸುಸ್ಥಿತಿಯಲ್ಲಿರುವ ಡೀಸೆಲ್ ಎಂಜಿನ್ನಿನಲ್ಲಿ ನೂರಕ್ಕೆ 98ರಷ್ಟು ಎಣ್ಣೆ ಈಗಲೇ ಉರಿಯುತ್ತದೆ. ಆದ್ದರಿಂದ ಉಳಿದ ಚೂರನ್ನೆಲ್ಲ ಉರಿಸಿದರೂ ಸಿಗುವುದು ನೂರಕ್ಕೆ ಒಂದೆರಡು ಪಾಲು. ಕಪ್ಪು ಹೊಗೆ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಆದರೆ ಅದರಲ್ಲಿರುವ ಮಸಿಯ ತೂಕ ಬಹಳ ಕಡಿಮೆ. ಹೊಗೆ ಬರುತ್ತಿದ್ದರೆ ನಾಜಲ್ಲು, ಗಾಳಿಯ ಫಿಲ್ಟರ್ ಅಥವಾ ಹೊರೆಯಲ್ಲಿ ದೋಷವಿದೆ ಎಂದರ್ಥ. ಅದಕ್ಕೆ ಮಿಸ್ತ್ರಿ ಬೇಕು.

ಕಿಡಿಯ ಮಾತು

ಇನ್ನು ಪ್ಲಗ್ಗಿನ ವಿಷಯ. ಪ್ಲಾಸ್ಮಾ ಪ್ಲಗ್ಗು, ಮಿಂಚಿನ ಪ್ಲಗ್ಗು ಎಂದೆಲ್ಲ ಹೆಸರಿಟ್ಟು, ಕಿಡಿ ದೊಡ್ಡದಾದಷ್ಟೂ ಶಕ್ತಿ ಹೆಚ್ಚು ಎಂದು ಹೇಳುವುದುಂಟು. ಮೇವಿನ ಬಣವಿಗೆ ಬೆಂಕಿ ಬಿದ್ದದ್ದನ್ನು ಕಂಡವರಿಗೆ ಇದರ ಉತ್ತರ ಗೊತ್ತು. ಬಣವಿ ಹತ್ತುವುದು ಬೆಂಕಿಕಡ್ಡಿಯಿಂದಲೋ ಪಂಜಿನಿಂದಲೋ ಎಂಬುದರಿಂದ ಅದು ಕೊಡುವ ಶಾಖ ಹೆಚ್ಚು ಕಡಿಮೆ ಆಗದು. ಪ್ಲಗ್ಗಿನ ಕಿಡಿ ಬೆಂಕಿಕಡ್ಡಿಯ ಕೆಲಸ ಮಾತ್ರ ಮಾಡುತ್ತದೆ. ಸರಿಯಾಗಿ ಬೆರೆತ ಪೆಟ್ರೋಲು-ಗಾಳಿ ಹೊತ್ತಿಕೊಳ್ಳಲು ಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಶಕ್ತಿ ಸಾಮಾನ್ಯ ಪ್ಲಗ್ಗಿನ ಕಿಡಿಯಲ್ಲಿ ಈಗಾಗಲೇ ಇದೆ.

ಕಿಡಿ ತೀರ ಬಡವಾಗಿ ಎಂಜಿನ್ ತಪ್ಪಿ ತಪ್ಪಿ ಹೊಡೆಯುತ್ತಿದ್ದರೆ ಪೆಟ್ರೋಲು ಹಾಳಾಗುವುದು ನಿಜ. ಅಂಥಲ್ಲಿ ಹೊಸ ಪ್ಲಗ್ಗು ಹಾಕಿದೊಡನೆ ಗಾಡಿ ಹಗುರವಾಗಿ ಓಡುತ್ತದೆ. ಆದರೆ ಅದು ಪೇಟೆಯಲ್ಲಿ ಸಿಗುವ ಸಾದಾ ಪ್ಲಗ್ಗಿನಿಂದಲೂ ಆಗುತ್ತದೆ. ಸವೆದ ಪ್ಲಗ್ಗು ತೆಗೆದು ದುಬಾರಿ ಪ್ಲಗ್ಗು ಹಾಕಿ, ಬಂದ ಲಾಭವನ್ನೆಲ್ಲ ದುಬಾರಿ ಪ್ಲಗ್ಗಿನ ಲೆಕ್ಕಕ್ಕೆ ಬರೆದರೆ ಅದು ಸರಿಯಾದ ಲೆಕ್ಕವಲ್ಲ.

ಸಿಂಪಡಣೆ ಯಂತ್ರ, ಹುಲ್ಲು ಕೊಯ್ಯುವ ಯಂತ್ರಗಳಲ್ಲಿ ಬಹಳಷ್ಟು ಎರಡು ಸ್ಟ್ರೋಕಿನವು. ಅವುಗಳಲ್ಲಿ ಪೆಟ್ರೋಲು ಉರಿಯದೆ ಹೊರಹೋಗುವುದು ನಿಜ. ಕೆಲವು ಎಂಜಿನ್ನುಗಳಲ್ಲಿ ನಾಲ್ಕನೆಯ ಒಂದು ಪಾಲಿನಷ್ಟು ಹೋಗುತ್ತದೆ. ಆದರೆ ಹೊಸ ಮಿಶ್ರಣ ಒಳಬಂದು ಹಳೆಯ ಹೊಗೆಯನ್ನು ನೂಕುವಾಗ, ಕಿಡಿ ಹಾರುವುದಕ್ಕೂ ಮೊದಲೇ ಅದು ಹೊರಗೆ ಜಾರಿರುತ್ತದೆ. ಹೊರಗೆ ಹೋದದ್ದನ್ನು ಒಳಗಿನ ಕಿಡಿ ಸುಡುವುದಾದರೂ ಹೇಗೆ? ಇದಕ್ಕೆ ಪರಿಹಾರ ಬೇಕಾದವರು ನಾಲ್ಕು ಸ್ಟ್ರೋಕಿನ ಯಂತ್ರ ಕೊಳ್ಳಬೇಕು.

ಇನ್ನೊಂದು ಮಾತು ಚೆನ್ನಾಗಿ ನೆನಪಿರಲಿ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಿಗಿಯಾಗಿ ಅದುಮಿದಾಗ ಅದು 500 ಡಿಗ್ರಿಗೂ ಮೀರಿ ಕಾಯುತ್ತದೆ. ಅದರಲ್ಲಿ ಎಣ್ಣೆ ಸಿಂಪಡಿಸಿದೊಡನೆ ತಾನಾಗಿ ಹೊತ್ತುತ್ತದೆ. ನಿಮ್ಮ ಡೀಸೆಲ್ ಪಂಪಿಗೆ “ಕಿಡಿ ಹೆಚ್ಚಿಸುವ” ಸಾಧನ ಮಾರಲು ಬಂದವರಿಗೆ ಅದನ್ನು ಎಲ್ಲಿ ಜೋಡಿಸುತ್ತೀರಿ ಎಂದು ಕೇಳಿರಿ.

ಅಯಸ್ಕಾಂತ ಮತ್ತು ಗುಳಿಗೆ

ಅಯಸ್ಕಾಂತ ಎಣ್ಣೆಯ ಕಣಗಳನ್ನು ಬಿಡಿಬಿಡಿಯಾಗಿ ಸಾಲುಗೊಳಿಸುತ್ತದೆ ಎನ್ನುತ್ತಾರೆ. ಡೀಸೆಲ್, ಪೆಟ್ರೋಲ್, ಚಿಮಣಿ ಎಣ್ಣೆ ಯಾವುದೂ ಕಬ್ಬಿಣದಂತೆ ಅಯಸ್ಕಾಂತಕ್ಕೆ ಸಿಗುವ ವಸ್ತುಗಳಲ್ಲ. ಪೈಪಿನ ಮೇಲೆ ಅಯಸ್ಕಾಂತ ಕಟ್ಟುವುದರಿಂದ ಅವು ಉರಿಯುವ ಗುಣ ಬದಲಾಗದು.

ಟಾಕಿಗೆ ಡಾಂಬರು ಗುಳಿಗೆ ಹಾಕುವ ರೂಢಿ ಹಳ್ಳಿಗಳಲ್ಲಿ ಹಳೆಯದು. ಡಾಂಬರು ಗುಳಿಗೆ ಪೆಟ್ರೋಲಿನಲ್ಲಿ ಕರಗುತ್ತದೆ, ಉರಿಯುತ್ತದೆ ಕೂಡ. ಆದರೆ ನಾಲ್ಕಾರು ಗ್ರಾಂ ತೂಕದ ಗುಳಿಗೆಯಲ್ಲಿ ಇರುವ ಶಾಖ ಅಷ್ಟೇ ತೂಕದ ಪೆಟ್ರೋಲಿನಲ್ಲಿರುವುದಕ್ಕಿಂತ ಹೆಚ್ಚೇನಿಲ್ಲ. ಒಂದು ಚಮಚೆ ಪೆಟ್ರೋಲು ಹೆಚ್ಚು ಹಾಕಿದಂತಾಯಿತು, ಅಷ್ಟೆ. ಪೆಟ್ರೋಲು ಆರಿದಾಗ ಅದು ಹರಳುಗಟ್ಟಿ ಕಾರ್ಬ್ಯುರೇಟರಿನ ಸಣ್ಣ ತೂತನ್ನು ಕಟ್ಟಿದರೆ ಮಿಸ್ತ್ರಿಯ ಖರ್ಚು ಬೇರೆ.

ಅಮೆರಿಕಾದ ಪರಿಸರ ಸಂರಕ್ಷಣಾ ಸಂಸ್ಥೆಯವರು 1970ರ ದಶಕದಿಂದೀಚೆಗೆ ಇಂಥ ಇಂಧನ ಉಳಿಸುವ ಸಾಧನಗಳು, ಬೆರಕೆಗಳನ್ನು ನೂರಕ್ಕೂ ಮೇಲ್ಪಟ್ಟು ಪರಿಶೀಲಿಸಿದ್ದಾರೆ. ಅಲ್ಪಸ್ವಲ್ಪವಾದರೂ ಪ್ರಯೋಜನ ತೋರಿದವು ಬೆರಳೆಣಿಕೆಯಷ್ಟು. ಕೆಲವು ಎಂಜಿನ್ನಿಗೇ ಹಾನಿ ಮಾಡಬಲ್ಲವು ಎಂದು ಆ ಸಂಸ್ಥೆ ಎಚ್ಚರಿಸಿದೆ.

ನೀರು ಉರಿಯುವುದೇ?

ನೀರಿನಲ್ಲಿ ಜಲಜನಕವಿದೆ, ಜಲಜನಕ ಉರಿಯುತ್ತದೆ, ಆದ್ದರಿಂದ ನೀರು ಇಂಧನ ಎಂಬುದು ಎಲ್ಲಕ್ಕಿಂತ ಹೆಚ್ಚು ಜನರನ್ನು ಮರುಳು ಮಾಡಿದ ವಾದ. ಮೊದಲ ಎರಡು ಮಾತು ನಿಜ, ಮೂರನೆಯದು ಸುಳ್ಳು. ಜಲಜನಕ ಉರಿದಾಗ ಆಗುವುದೇ ನೀರು. ಸೌದೆ ಉರಿದು ಬೂದಿಯಾದಂತೆ, ನೀರೆಂದರೆ ಉರಿದು ಮುಗಿದ ಜಲಜನಕ. ಬೂದಿಗೆ ಮತ್ತೆ ಬೆಂಕಿ ಹಚ್ಚಿದರೆ ಒಲೆ ಉರಿಯದು.

ಕರೆಂಟು ಹಾಯಿಸಿ ನೀರನ್ನು ಒಡೆಯಬಹುದು ಎಂಬುದೂ ನಿಜ. ಅದರ ಲೆಕ್ಕ ನೋಡಿರಿ. ಒಂದು ಲೀಟರ್ ನೀರನ್ನು ಒಡೆಯಲು ಏನಿಲ್ಲವೆಂದರೂ 4.4 ಯೂನಿಟ್ ಶಕ್ತಿ ಬೇಕು. ಹೊರಟ ಗ್ಯಾಸನ್ನು ಉರಿಸಿದರೆ ಹೆಚ್ಚೆಂದರೆ ಅದೇ 4.4 ಯೂನಿಟ್ ಶಾಖ ಮರಳುತ್ತದೆ. ಆ ಶಾಖದಲ್ಲಿ ಎಂಜಿನ್ ಕೆಲಸಕ್ಕೆ ತರುವುದು ನಾಲ್ಕನೆಯ ಒಂದು ಪಾಲು ಎಂದು ಹಿಡಿದರೆ 1.1 ಯೂನಿಟ್. ಅದರಿಂದ ಡೈನಮೋ ತಿರುಗಿಸಿ ಮತ್ತೆ ಕರೆಂಟು ಮಾಡಿದರೆ, ಡೈನಮೋ ನೂರಕ್ಕೆ 60 ಕೊಟ್ಟರೂ ಕೈಗೆ ಬರುವುದು ಸುಮಾರು 0.66 ಯೂನಿಟ್. 4 ರೂಪಾಯಿ 40 ಪೈಸೆ ಕೊಟ್ಟು 66 ಪೈಸೆ ವಾಪಸು ಪಡೆದಂತೆ. ಗಾಡಿಯ ಬ್ಯಾಟರಿಯಿಂದ ನೀರು ಒಡೆದು ಆ ಗ್ಯಾಸಿನಿಂದ ಎಣ್ಣೆ ಉಳಿಸುವ ಎಲ್ಲ ಡಬ್ಬಿಗಳ ಕಥೆಯೂ ಇದೇ. ಬ್ಯಾಟರಿ ತುಂಬುವುದು ಎಂಜಿನ್ನಿನ ಎಣ್ಣೆಯಿಂದಲೇ ತಾನೆ?

ಜಲಜನಕವೇ ಸುಳ್ಳೆಂದು ಇದರರ್ಥವಲ್ಲ. ಕೇಂದ್ರ ಸರಕಾರ 2023ರಲ್ಲಿ ಆರಂಭಿಸಿದ ಹಸಿರು ಜಲಜನಕ ಯೋಜನೆಯಲ್ಲಿಯೂ ನೀರನ್ನೇ ಒಡೆಯುತ್ತಾರೆ. ಆದರೆ ಅದಕ್ಕೆ ಬಿಸಿಲು, ಗಾಳಿಯಿಂದ ಪಡೆದ ಕರೆಂಟನ್ನು ಹೊರಗಿನಿಂದ ಕೊಡುತ್ತಾರೆ. ಕೊಟ್ಟದ್ದಕ್ಕಿಂತ ಕಡಿಮೆ ಮರಳಿ ಬರುತ್ತದೆಂದು ಬಲ್ಲವರಾಗಿಯೇ ಮಾಡುತ್ತಾರೆ.

ಹಿಂದೆ ನಡೆದ ಪ್ರಸಂಗಗಳು

1996ರಲ್ಲಿ ತಮಿಳುನಾಡಿನ ರಾಜಪಾಳಯಂ ಕಡೆಯ ರಾಮರ್ ಪಿಳ್ಳೆ ಎಂಬವರು ಒಂದು ಗಿಡದ ಎಲೆಯನ್ನು ನೀರಿನಲ್ಲಿ ಕುದಿಸಿ ಪೆಟ್ರೋಲು ಮಾಡುವುದಾಗಿ ಹೇಳಿ ದೇಶವನ್ನೇ ಬೆರಗುಗೊಳಿಸಿದರು. ನಮ್ಮ ಹಿರಿಯ ಸದಸ್ಯರಿಗೆ ಆಗಿನ ಪತ್ರಿಕೆಗಳ ಸುದ್ದಿ ನೆನಪಿದ್ದೀತು. ಓದು ಹೆಚ್ಚಿಲ್ಲದ ಹಳ್ಳಿಯ ಯುವಕ ಮಹಾ ವಿಜ್ಞಾನಿಗಳಿಗೆ ಆಗದ್ದನ್ನು ಮಾಡಿದನೆಂಬ ಮಾತು ಜನರ ಮನಸ್ಸಿಗೆ ಹಿಡಿಸಿತು. ದೊಡ್ಡ ಸಂಸ್ಥೆಗಳೂ ಕುತೂಹಲ ತೋರಿದವು. ಪರೀಕ್ಷೆಗಳಲ್ಲಿ ಮಾತ್ರ ಆ ಹಕ್ಕು ನಿಲ್ಲಲಿಲ್ಲ. ಮುಂದೆ “ಮೂಲಿಕೆ ಇಂಧನ”ವೆಂಬ ಹೆಸರಿನಲ್ಲಿ ಅದರ ಮಾರಾಟವೂ ನಡೆಯಿತು. ಟಾಲ್ವೀನ್, ನಾಫ್ತಾದಂಥ ಪೆಟ್ರೋಲಿಯಂ ಪದಾರ್ಥಗಳನ್ನೇ ಬೆರೆಸಿ ಮಾರಲಾಗಿತ್ತು ಎಂಬುದು ಸಿ.ಬಿ.ಐ. ಹೂಡಿದ ಮೊಕದ್ದಮೆ. 2016ರಲ್ಲಿ ಚೆನ್ನೈನ ನ್ಯಾಯಾಲಯ ಅವರಿಗೂ ಇತರ ನಾಲ್ವರಿಗೂ ಮೂರು ವರ್ಷಗಳ ಶಿಕ್ಷೆ ವಿಧಿಸಿತು. ಮೊದಲ ಪ್ರದರ್ಶನದಿಂದ ಆ ತೀರ್ಪಿನವರೆಗೆ 20 ವರ್ಷ ಹಿಡಿಯಿತು ಎಂಬುದನ್ನು ಗಮನಿಸಬೇಕು. ಹಣ ಕೊಟ್ಟವರಿಗೆ ನ್ಯಾಯ ಅಷ್ಟು ತಡವಾಗಿ ಬರುತ್ತದೆ.

ಅದೇ 1996ರಲ್ಲಿ ಅಮೆರಿಕಾದ ಓಹಾಯೋದಲ್ಲಿ ಸ್ಟ್ಯಾನ್ಲಿ ಮೇಯರ್ ಎಂಬವನ ಮೇಲೆ ಇಬ್ಬರು ಹಣ ಹೂಡಿದವರು ದಾವೆ ಹಾಕಿದ್ದು ತೀರ್ಮಾನವಾಯಿತು. ನೀರಿನಿಂದ ಓಡುವ ಕಾರು ಮಾಡಿದ್ದೇನೆಂಬುದು ಅವನ ಹೇಳಿಕೆಯಾಗಿತ್ತು. ಅವನ ಯಂತ್ರವನ್ನು ತಜ್ಞರು ನೋಡಿ, ಇದು ಶಾಲೆಯಲ್ಲಿ ತೋರಿಸುವ ಮಾಮೂಲಿ ವಿದ್ಯುದ್ವಿಭಜನೆಯೇ ಹೊರತು ಹೊಸದೇನಲ್ಲ ಎಂದರು. ನ್ಯಾಯಾಲಯ ಇದು ಘೋರ ವಂಚನೆಯೆಂದು ಹೇಳಿ 25,000 ಡಾಲರ್ ಹಿಂದಿರುಗಿಸಲು ಆದೇಶಿಸಿತು.

2012ರಲ್ಲಿ ಪಾಕಿಸ್ತಾನದಲ್ಲಿ ಆಗಾ ವಕಾರ್ ಅಹ್ಮದ್ ಎಂಬವರು ನೀರಿನ ಕಿಟ್ ಜೋಡಿಸಿದ ಕಾರನ್ನು ತೋರಿಸಿದಾಗ ಮಂತ್ರಿಗಳೂ ಹೊಗಳಿದರು. ಭೌತವಿಜ್ಞಾನಿ ಪರ್ವೇಜ್ ಹೂದ್‌ಭಾಯ್ ಇದು ನಿಸರ್ಗದ ನಿಯಮಕ್ಕೆ ವಿರುದ್ಧವೆಂದು ಬಹಿರಂಗವಾಗಿ ಹೇಳಿದರು. ಅನಂತರ ಆ ಕಿಟ್ಟು ಯಾರ ಗಾಡಿಯಲ್ಲಿಯೂ ಬಳಕೆಗೆ ಬರಲಿಲ್ಲ.

ಮೂರರಲ್ಲಿಯೂ ಒಂದು ಸಾಮ್ಯವಿದೆ. ನಂಬಿದವರು ಮೂಢರಲ್ಲ. ಅವರು ಕಂಡದ್ದು ಪ್ರದರ್ಶನ, ಪರೀಕ್ಷೆಯಲ್ಲ. ಪ್ರದರ್ಶನದಲ್ಲಿ ಎಲ್ಲ ಸಾಮಾನೂ ತೋರಿಸುವವನ ಕೈಯಲ್ಲಿರುತ್ತದೆ. ಪರೀಕ್ಷೆಯಲ್ಲಿ ಅಳತೆಯ ಪಾತ್ರೆ, ಗಡಿಯಾರ, ಎಂಜಿನ್ ಎಲ್ಲವೂ ನಮ್ಮ ಕೈಯಲ್ಲಿರುತ್ತವೆ.

“ಕಂಪನಿಗಳು ಅಡಗಿಸಿಟ್ಟಿವೆ” ಎಂಬ ಮಾತು

ಎಣ್ಣೆ ಕಂಪನಿಗಳು ಈ ಸಂಶೋಧನೆಗಳನ್ನು ಕೊಂಡು ಮುಚ್ಚಿಟ್ಟಿವೆ ಎಂಬ ಮಾತು ಫೋನಿನಲ್ಲಿ ಓಡಾಡುವ ವೀಡಿಯೊಗಳಲ್ಲಿ ಕೇಳಿಬರುತ್ತದೆ. ನಮ್ಮ ದೇಶ ಬಳಸುವ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರದೇಶಗಳಿಂದ ಬರುತ್ತದೆ. ಅದನ್ನು ಅರ್ಧ ಮಾಡುವ ಡಬ್ಬಿ ಇದ್ದರೆ ಮೊದಲು ಕೊಳ್ಳುವುದು ಸರಕಾರವೇ. ಗಾಡಿ ತಯಾರಿಸುವ ಕಂಪನಿಗಳು ಲೀಟರಿಗೆ ಒಂದೆರಡು ಕಿಲೋಮೀಟರ್ ಹೆಚ್ಚು ತೋರಿಸಲು ಕೋಟಿಗಟ್ಟಲೆ ಖರ್ಚು ಮಾಡುತ್ತವೆ. ಎರಡು ಪಟ್ಟು ಓಡಿಸುವ ಪ್ಲಗ್ಗನ್ನು ಅವು ಬಿಟ್ಟಾವೇ?

ಪೇಟೆಂಟ್ ತೋರಿಸಿ ನಂಬಿಸುವುದೂ ಉಂಟು. ಪೇಟೆಂಟ್ ಎಂದರೆ ಈ ರಚನೆ ಹೊಸದು, ನನ್ನದು ಎಂಬ ಹಕ್ಕುಪತ್ರ. ಅದು ಎಷ್ಟು ಎಣ್ಣೆ ಉಳಿಸುತ್ತದೆಂದು ಪೇಟೆಂಟ್ ಕಚೇರಿ ಅಳೆದು ನೋಡುವುದಿಲ್ಲ. ಪೇಟೆಂಟಿನ ವಿವರವನ್ನು ಯಾರು ಬೇಕಾದರೂ ಓದಬಹುದು, 20 ವರ್ಷದ ಮೇಲೆ ಯಾರು ಬೇಕಾದರೂ ತಯಾರಿಸಬಹುದು. ಆದುದರಿಂದ ಪೇಟೆಂಟ್ ಆದದ್ದನ್ನು ಬಚ್ಚಿಡುವುದು ಆಗದ ಮಾತು.

ಹಾಗಾದರೆ ಹೊಸದೆಲ್ಲವೂ ಸುಳ್ಳೇ?

ಖಂಡಿತ ಅಲ್ಲ. ನಮ್ಮ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲು ತಯಾರಿಸಿದಾಗ, ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆಂದು ರೈತರು ಕೊಳ್ಳಲಿಲ್ಲ. ನೇಗಿಲಿನ ಗುಣ ಹೊಲದಲ್ಲಿ ಎಲ್ಲರ ಕಣ್ಣೆದುರಿಗೆ ಕಾಣುವಂಥದು. ಯಾವ ರೈತನ ಹೊಲದಲ್ಲಿ ಯಾವ ಎತ್ತು ಹೂಡಿದರೂ ಅದು ಉತ್ತಿತು. ನಿಜವಾದ ಹೊಸತಿನ ಲಕ್ಷಣ ಇದೇ: ತಯಾರಿಸಿದವನು ಹತ್ತಿರ ಇಲ್ಲದಾಗಲೂ ಅದು ಕೆಲಸ ಮಾಡುತ್ತದೆ.

ಎಂಜಿನ್ನಿನ ಇಂಧನದಲ್ಲಿಯೂ ನಿಜವಾದ ಹೊಸತುಗಳು ಬಂದಿವೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಶೇಂಗಾ ಎಣ್ಣೆಯಲ್ಲಿ ಓಡಿತು. ಶೇಂಗಾ ಬೆಳೆದು ಬಲ್ಲ ನಮ್ಮ ಸೀಮೆಯವರಿಗೆ ಅದು ರೂಢಿಗೆ ಬಾರದ ಕಾರಣ ಹೇಳಬೇಕಿಲ್ಲ. ಶೇಂಗಾ ಎಣ್ಣೆ ಡೀಸೆಲ್ಲಿಗಿಂತ ತುಟ್ಟಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಿಂದ ಬಸ್ಸುಗಳು ಓಡಿದವು. ಶಕ್ತಿ ಕಡಿಮೆ, ಏರಿನಲ್ಲಿ ಏದುಸಿರು, ಆದರೂ ಓಡಿದವು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರು 1988ರಲ್ಲಿ ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಕಟ್ಟಿಗೆ ಗ್ಯಾಸಿನಿಂದ ಊರಿಗೆ ಬೆಳಕು ಕೊಟ್ಟರು. ಅದೇ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಡೀಸೆಲ್ ಎಂಜಿನ್ ಓಡಿಸಿ ಹಳ್ಳಿಯ ಹೊಲಗಳಿಗೆ ನೀರೆತ್ತಿಸಿದರು.

ಇವರ ಮಾತಿನ ಧಾಟಿಯನ್ನು ಡಬ್ಬಿಯವರ ಧಾಟಿಗೆ ಹೋಲಿಸಿರಿ. ಹೊಂಗೆ ಎಣ್ಣೆಯಲ್ಲಿ ಶಾಖ ಡೀಸೆಲ್ಲಿಗಿಂತ ತುಸು ಕಡಿಮೆ, ಎಣ್ಣೆ ಹಲವು ಪಟ್ಟು ಮಂದ, ಹಾಗೆಯೇ ಬಳಸಿದರೆ ನಾಜಲ್ಲಿನಲ್ಲಿ ಇಂಗಾಲ ಕಟ್ಟುತ್ತದೆ, ಒಂದು ಲೀಟರ್ ಎಣ್ಣೆಗೆ ಸುಮಾರು ನಾಲ್ಕು ಕಿಲೋ ಬೀಜ ಬೇಕು ಎಂದು ಬಲ್ಲವರು ಬಿಡಿಸಿ ಹೇಳುತ್ತಾರೆ. ಕಬ್ಬಿನಿಂದ ಬರುವ ಎಥನಾಲಿನ ವಿಷಯವೂ ಹಾಗೆಯೇ. ನಮ್ಮ ಜಿಲ್ಲೆಯ ಕಬ್ಬಿಗೂ ಇದರಲ್ಲಿ ಪಾಲಿದೆ. ಎಥನಾಲಿನಲ್ಲಿ ಪೆಟ್ರೋಲಿನ ಮೂರನೆಯ ಎರಡು ಪಾಲು ಶಾಖ ಮಾತ್ರ ಇರುವುದರಿಂದ, ನೂರಕ್ಕೆ 20 ಬೆರೆಸಿದಾಗ ಅದಕ್ಕೆಂದು ಹೊಂದಿಸದ ಕಾರುಗಳಲ್ಲಿ ನೂರಕ್ಕೆ 6ರಿಂದ 7ರಷ್ಟು, ದ್ವಿಚಕ್ರ ವಾಹನಗಳಲ್ಲಿ 3ರಿಂದ 4ರಷ್ಟು ಓಟ ಕಡಿಮೆಯಾಗುತ್ತದೆಂದು 2021ರ ನೀತಿ ಆಯೋಗದ ವರದಿಯಲ್ಲಿಯೇ ಅಂದಾಜಿಸಲಾಗಿದೆ. ಲಾಭದ ಜೊತೆಗೆ ನಷ್ಟವನ್ನೂ ಹೇಳುವವರ ಮಾತನ್ನು ಕೇಳಬಹುದು. ನಷ್ಟವೇ ಇಲ್ಲ ಎನ್ನುವವರ ಮಾತಿಗೆ ತಡೆಯಿರಿ.

ನೀವೇ ಪರೀಕ್ಷೆ ಮಾಡುವ ಕ್ರಮ

ಸಾಧನವನ್ನು ತಂದವರು ಪರೀಕ್ಷೆಗೆ ಒಪ್ಪಿದರೆ ಈ ಕೆಳಗಿನಂತೆ ಮಾಡತಕ್ಕದ್ದು.

1. ಮೊದಲು ಗಾಳಿಯ ಫಿಲ್ಟರ್, ಎಣ್ಣೆಯ ಫಿಲ್ಟರ್ ಸ್ವಚ್ಛ ಮಾಡಿಸಿ, ಟ್ಯಾಪೆಟ್ ಸರಿಪಡಿಸಿ, ಎಂಜಿನ್ನನ್ನು ಸುಸ್ಥಿತಿಗೆ ತನ್ನಿರಿ. ಸಾಧನ ಜೋಡಿಸುವ ದಿನವೇ ಇದನ್ನೆಲ್ಲ ಮಾಡಿಸಿದರೆ ಯಾವುದರಿಂದ ಲಾಭವಾಯಿತೆಂದು ತಿಳಿಯದು. ಮಾರುವವರ ಗೆಲುವು ಹೆಚ್ಚಾಗಿ ಇಲ್ಲಿಯೇ ಇರುತ್ತದೆ.

2. ಟಾಕಿಯ ಬದಲು ಗುರುತು ಮಾಡಿದ 1 ಲೀಟರ್ ಬಾಟಲಿಯಿಂದ ಎಣ್ಣೆ ಬಿಡಿರಿ. ಎಂಜಿನ್ ಅರ್ಧ ತಾಸು ಓಡಿ ಕಾದ ಮೇಲೆ, ಲೀಟರ್ ಮುಗಿಯಲು ಎಷ್ಟು ನಿಮಿಷ ಹಿಡಿಯಿತೆಂದು ಬರೆಯಿರಿ.

3. ಅದೇ ವೇಳೆಗೆ 200 ಲೀಟರ್ ಡ್ರಮ್ಮು ತುಂಬಲು ಎಷ್ಟು ಸೆಕೆಂಡು ಬೇಕೆಂದು ನೋಡಿರಿ. ಇದು ಬಹಳ ಮುಖ್ಯ. ಎಂಜಿನ್ನಿನ ವೇಗ ತಗ್ಗಿಸಿದರೆ ಎಣ್ಣೆ ಕಡಿಮೆ ಹೋಗುತ್ತದೆ, ನೀರೂ ಕಡಿಮೆ ಬರುತ್ತದೆ. ಎಣ್ಣೆಯೊಂದನ್ನೇ ಅಳೆದವರು ಇಲ್ಲಿ ಮೋಸ ಹೋಗುತ್ತಾರೆ.

4. ಸಾಧನವಿಲ್ಲದೆ ಮೂರು ಸಲ, ಸಾಧನದೊಂದಿಗೆ ಮೂರು ಸಲ ಅಳೆಯಿರಿ. ಒಂದಾದ ಮೇಲೆ ಒಂದರಂತೆ ಅದಲು ಬದಲು ಮಾಡಿರಿ. ಬಾವಿಯ ನೀರಿನ ಮಟ್ಟ ಇಳಿದರೆ ಹೊರೆ ಬದಲಾಗುವುದರಿಂದ ಅದನ್ನೂ ಬರೆದಿಡಿರಿ.

5. ಸಾಧನ ಜೋಡಿಸಿದೆಯೋ ಇಲ್ಲವೋ ಎಂದು ಗಡಿಯಾರ ಹಿಡಿದವರಿಗೆ ಗೊತ್ತಿರಬಾರದು. ಮಾರುವವರು ಎಂಜಿನ್ನಿನ ಹತ್ತಿರ ಇರಬಾರದು.

ಫಲಿತಾಂಶ ಓದುವ ಬಗೆಗೊಂದು ಉದಾಹರಣೆ. ಸಾಧನವಿಲ್ಲದೆ 54, 57, 55 ನಿಮಿಷ, ಸಾಧನದೊಂದಿಗೆ 56, 55, 58 ನಿಮಿಷ ಬಂತೆನ್ನಿ. ಸರಾಸರಿಯಲ್ಲಿ ಒಂದು ನಿಮಿಷ ಹೆಚ್ಚು. ಆದರೆ ಸಾಧನವಿಲ್ಲದಾಗಲೇ ಸಲದಿಂದ ಸಲಕ್ಕೆ ಮೂರು ನಿಮಿಷದ ಅಂತರವಿತ್ತು. ಆದ್ದರಿಂದ ಆ ಒಂದು ನಿಮಿಷಕ್ಕೆ ಅರ್ಥವಿಲ್ಲ. ಎಣ್ಣೆ ನಿಜವಾಗಿಯೂ ಅರ್ಧ ಉಳಿಯುವುದಾದರೆ 55 ನಿಮಿಷದ ಬದಲು 110 ನಿಮಿಷ ಬರಬೇಕು. ಅದಕ್ಕೆ ಸರಾಸರಿಯ ಗೋಜೇ ಬೇಕಾಗದು, ಗಡಿಯಾರವೇ ಹೇಳುತ್ತದೆ.

ಡಬ್ಬಿಯಿಲ್ಲದೆ ಆಗುವ ಉಳಿತಾಯ

ಎಣ್ಣೆ ಉಳಿಸುವ ದಾರಿ ಇಲ್ಲವೆಂದಲ್ಲ. 1978ರಲ್ಲಿ ಆರಂಭವಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘದವರು ಪಂಪುಸೆಟ್ಟುಗಳ ಬಗೆಗೆ ರೈತರಿಗೆ ಹೇಳುತ್ತ ಬಂದಿರುವ ಮಾತುಗಳು ಇಂದಿಗೂ ನಿಜ. ಬಿಗಿಯಾದ ಫುಟ್‌ವಾಲ್ವ್ ತೆಗೆದು ನೀರು ಸರಾಗ ಹರಿಯುವಂಥದನ್ನು ಹಾಕಿರಿ. ಸಣ್ಣ ಪೈಪಿನ ಬದಲು ತಕ್ಕ ಅಗಲದ ಪೈಪು ಹಾಕಿ, ಬೇಡದ ತಿರುವುಗಳನ್ನು ತೆಗೆಯಿರಿ. ನೀರು ಬೀಳುವ ಪೈಪನ್ನು ತೊಟ್ಟಿಗಿಂತ ವೃಥಾ ಎತ್ತರಕ್ಕೆ ಒಯ್ಯಬೇಡಿರಿ. ಪಂಪಿಗೆ ಬೇಕಾದುದಕ್ಕಿಂತ ದೊಡ್ಡ ಎಂಜಿನ್ ಇಟ್ಟು ಅರ್ಧ ಹೊರೆಯಲ್ಲಿ ಓಡಿಸಬೇಡಿರಿ. ಬೆಲ್ಟು ಜಾರದಂತೆ ನೋಡಿಕೊಳ್ಳಿರಿ.

ಸೋರಿಕೆಯನ್ನು ಸಣ್ಣದೆಂದು ಬಿಡುವವರೇ ಬಹಳ. ಸೆಕೆಂಡಿಗೆ ಒಂದು ಹನಿ ಸೋರಿದರೆ ತಾಸಿಗೆ 3,600 ಹನಿ. 20 ಹನಿಗೆ ಒಂದು ಮಿಲಿಲೀಟರಿನಂತೆ ಲೆಕ್ಕ ಹಾಕಿದರೆ ತಾಸಿಗೆ 180 ಮಿಲಿಲೀಟರ್, ಐದೂವರೆ ತಾಸಿಗೆ ಒಂದು ಲೀಟರ್. ತಾಸಿಗೆ ಒಂದು ಲೀಟರ್ ಕುಡಿಯುವ ಎಂಜಿನ್ನಿಗೆ ಇದು ನೂರಕ್ಕೆ 18ರಷ್ಟು ನಷ್ಟ. ಒಂದು ವಾಷರಿನ ಬೆಲೆಯಲ್ಲಿ ಇದನ್ನು ನಿಲ್ಲಿಸಬಹುದು.

ಸಂಘದ ಸದಸ್ಯರಿಗೆ ಸೂಚನೆ

ಇಂಥ ಸಾಧನಗಳನ್ನು ಮೇಲೆ ಹೇಳಿದ ಪರೀಕ್ಷೆಯಾಗದೆ ಸಂಘದ ಹಣದಿಂದ ತರಿಸುವುದಾಗಲಿ, ಅವಕ್ಕೆ ಸಾಲ ಕೊಡುವುದಾಗಲಿ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಸಂಘದ ಹಣ ಎಲ್ಲ ಸಣ್ಣ ಬೆಳೆಗಾರರ ಹಣ. 4,000 ರೂಪಾಯಿ ಹೋದರೆ ಒಂದು ವರ್ಷದಲ್ಲಿ ತುಂಬಿಕೊಳ್ಳಬಹುದು. ಆದರೆ ಡಬ್ಬಿಯಿಂದಲೋ ಬೆರಕೆ ಎಣ್ಣೆಯಿಂದಲೋ ಎಂಜಿನ್ ಕೆಟ್ಟು ಹೂಮಳೆಯ ವಾರದಲ್ಲಿ ನಿಂತರೆ ಆ ವರ್ಷದ ಕಾಫಿ ಹೋಯಿತು. ಮೇ ತಿಂಗಳಲ್ಲಿ ನೀರು ತಪ್ಪಿ ಎಳೆಯ ಅಡಿಕೆ ಒಣಗಿದರೆ ಐದಾರು ವರ್ಷಗಳ ದುಡಿತ ಹೋಯಿತು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದುದು ಏಜೆನ್ಸಿಯ ಆಸೆಗೆ. “ನಿಮ್ಮ ತಾಲೂಕಿಗೆ ನೀವೊಬ್ಬರೇ ಏಜೆಂಟರು, ಇಷ್ಟು ಸಾವಿರ ಠೇವಣಿ ಕಟ್ಟಿರಿ” ಎಂದವರಿಗೆ ಡಬ್ಬಿ ಮಾರುವುದಕ್ಕಿಂತ ಠೇವಣಿ ಸಂಗ್ರಹಿಸುವುದೇ ವ್ಯಾಪಾರವಾಗಿರಬಹುದು. ಏಜೆಂಟರಾದವರು ತಮ್ಮ ಬೀಗರು, ನೆರೆಹೊರೆಯವರಿಗೇ ಮಾರಬೇಕಾಗುತ್ತದೆ. ಹಣದ ಜೊತೆ ಊರಿನಲ್ಲಿಯ ಮಾತೂ ಹೋಗುತ್ತದೆ.

ಮಾರಲು ಬಂದವರಿಗೆ ಮೂರು ಪ್ರಶ್ನೆ ಹಾಕಿರಿ. ನನ್ನ ಎಂಜಿನ್ನಿನಲ್ಲಿ, ನನ್ನ ಬಾಟಲಿಯಿಂದ ಅಳೆಯಲು ಒಪ್ಪುತ್ತೀರಾ? ಪುಣೆಯ ಎ.ಆರ್.ಎ.ಐ.ನಂಥ ಪರೀಕ್ಷಾ ಸಂಸ್ಥೆಯ ವರದಿಯಿದ್ದರೆ ಪೂರ್ತಿ ಪ್ರತಿ ಕೊಡುತ್ತೀರಾ? ಹೇಳಿದ ಉಳಿತಾಯ ಬಾರದಿದ್ದರೆ ಹಣ ಮರಳಿಸುವುದಾಗಿ ರಸೀದಿಯ ಮೇಲೆ ಬರೆದು ಸಹಿ ಹಾಕುತ್ತೀರಾ? ಮೂರಕ್ಕೂ ಹೌದೆಂದವರ ಸಾಧನವನ್ನು ನೋಡೋಣ. ಅಂಥ ಸಾಧನ ಕಂಡವರು ಮುಂಗಡ ಕೊಡದೆ ಅದರ ವಿವರವನ್ನು ಸಂಘಕ್ಕೆ ತಿಳಿಸಬೇಕು. ಮೇಲಿನ ಕ್ರಮದಂತೆ ಪರೀಕ್ಷೆ ಮಾಡಿದವರು ತಮ್ಮ ಅಳತೆಗಳನ್ನು ಬರೆದು ಕಳುಹಿಸಿದರೆ, ಫಲ ಹೇಗೇ ಬಂದಿರಲಿ, ಈ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ.